ಗಡಿನಾಡಿನ ಸಮುದಾಯ ಭವನ ಮತ್ತು ಅನುದಾನದ ಚರಿತ್ರೆ: ರಾಯದುರ್ಗ–ಮಡಕಶಿರಾ ಪ್ರದೇಶವನ್ನು ಕುರಿತು

ವೇದಾವತಿ ನದಿಯು ಹಿರಿಯೂರು, ಚಳ್ಳಕೆರೆಗಳ ಸೀಮೆಯನ್ನು ದಾಟಿ ರಾಯದುರ್ಗದ ನೆಲವನ್ನು ಪ್ರವೇಶಿಸುವಲ್ಲಿ ಭೈರವಾನಿತಿಪ್ಪ ಜಲಾಶಯವಿದೆ. ಸ್ವಾತಂತ್ರ್ಯಾನಂತರದ ಮೊದಲ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಕಟ್ಟಲಾದ ಈ ಅಣೆಕಟ್ಟಿನ ವೆಚ್ಚ, ಅಚ್ಚುಕಟ್ಟು, ನೀರಿನ ಹಂಚಿಕೆ ಇವೆಲ್ಲ ಸರ್ಕಾರಿ ದಾಖಲೆಗಳ ವಿಷಯವಾಗಿವೆ. ಅದೇ ಕಾಲದಲ್ಲಿ ಅದೇ ಊರುಗಳಲ್ಲಿ ಇನ್ನೊಂದು ಬಗೆಯ ಸಾರ್ವಜನಿಕ ನಿರ್ಮಾಣವೂ ನಡೆಯಿತು. ವಾಚನಾಲಯ, ಪಂಚಾಯತಿ ಕೊಠಡಿ, ರೇಡಿಯೋ ಇಡುವ ಕಟ್ಟೆ, ಮುಂದೆ ಸಮುದಾಯ ಭವನ ಎಂದು ಹೆಸರಾದ ಕಟ್ಟಡ ಇವು ಅದರ ರೂಪಗಳು. ಇವುಗಳಿಗೆ ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು ಎಂಬುದನ್ನು ಗಡಿ ಭಾಗದ ಕನ್ನಡದ ಚರಿತ್ರೆಯಲ್ಲಿ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಭಾಷೆಯ ಚರಿತ್ರೆಯನ್ನು ಶಾಲೆಯ ಚರಿತ್ರೆಯಾಗಿಯೇ ಬರೆಯುವ ರೂಢಿ ಇದಕ್ಕೆ ಒಂದು ಕಾರಣ.

ಈ ಪ್ರದೇಶಕ್ಕೆ ದತ್ತಿ ಹೊಸದಲ್ಲ. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಕನ್ನಡ ಶಾಸನಗಳು ಈ ನೆಲದಲ್ಲಿ ಭಾಷೆಯ ಬೇರು ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ. ಕನ್ನಡ ನಾಡಿನ ದಾನಶಾಸನಗಳ ಒಂದು ಲಕ್ಷಣವನ್ನು ಇಲ್ಲಿ ನೆನೆಯಬೇಕು. ಅವು ಗುಡಿ ಕಟ್ಟಿಸಿದ ಸಂಗತಿಯೊಡನೆ ನಂದಾದೀವಿಗೆಗೆ, ನೈವೇದ್ಯಕ್ಕೆ, ವಿದ್ಯಾದಾನಕ್ಕೆ ಬಿಟ್ಟ ಭೂಮಿಯನ್ನೂ ಹೇಳುತ್ತವೆ. ಕಟ್ಟಡ ಮತ್ತು ಅದರೊಳಗಿನ ನಿತ್ಯದ ಕಾರ್ಯ ಎರಡಕ್ಕೂ ಆದಾಯ ಬೇಕೆಂಬ ತಿಳಿವಳಿಕೆ ಅಲ್ಲಿದೆ. ಊರಿನ ಚಾವಡಿ, ಭಜನೆ ಮನೆ, ಗರಡಿ ಮನೆಗಳು ಇದೇ ತತ್ತ್ವವನ್ನು ಸಣ್ಣ ಪ್ರಮಾಣದಲ್ಲಿ ಪಾಲಿಸಿದವು. ಎಣ್ಣೆಗೆ, ಬಯಲಾಟದ ವೇಷಕ್ಕೆ, ಭಾಗವತನ ಸಂಭಾವನೆಗೆ ಊರಿನವರು ವಂತಿಗೆ ಎತ್ತುತ್ತಿದ್ದರು. ಜಾತಿಯ ಮೇರೆಗಳು ಅಲ್ಲಿ ಬಿಗಿಯಾಗಿದ್ದವೆಂಬುದನ್ನು ಮರೆಯುವಂತಿಲ್ಲ. ಆದರೆ ಅಲ್ಲಿ ಹಣ ಕಾರ್ಯಕ್ರಮಕ್ಕೆ ನೇರವಾಗಿ ತಲುಪುತ್ತಿತ್ತು.

ಆಧುನಿಕ ಆಡಳಿತದಲ್ಲಿ ಈ ತತ್ತ್ವಕ್ಕೆ ಸಮೀಪ ಬಂದದ್ದು ಗ್ರಂಥಾಲಯ ಶಾಸನ. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು, ಎಸ್. ಆರ್. ರಂಗನಾಥನ್ ಅವರ ಚಿಂತನೆಯ ಪ್ರಭಾವದಲ್ಲಿ, ಆಸ್ತಿ ತೆರಿಗೆ ಮತ್ತು ಮನೆ ತೆರಿಗೆಗಳ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿತು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ಅನಂತಪುರ ಜಿಲ್ಲೆಗೆ ಸೇರಿದ್ದ ಮಡಕಶಿರಾ, ಆಗಿನ್ನೂ ಬಳ್ಳಾರಿಯಲ್ಲೇ ಇದ್ದ ರಾಯದುರ್ಗ, ಎರಡೂ ಮದ್ರಾಸ್ ಆಡಳಿತದಲ್ಲಿದ್ದವು. ಎರಡಕ್ಕೂ ಈ ಕಾಯಿದೆ ಅನ್ವಯಿಸಿತು. ಕರವು ವರ್ಷವರ್ಷವೂ ಬರುವ ಆದಾಯ. ಪುಸ್ತಕ ಕೊಳ್ಳಲು, ಪತ್ರಿಕೆ ತರಿಸಲು, ಸಿಬ್ಬಂದಿಗೆ ಸಂಬಳ ಕೊಡಲು ಒದಗುವ ಹಣ. ಅಷ್ಟೇ ಮುಖ್ಯವಾಗಿ, ಅದು ಊರಿನವರೇ ತೆತ್ತ ಹಣ. ಕನ್ನಡ ಮನೆಮಾತಿನ ರೈತನೂ ಅದನ್ನು ತೆತ್ತಿದ್ದಾನೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಮದ್ರಾಸ್ ಬಹುಭಾಷಾ ಪ್ರಾಂತವಾಗಿತ್ತು. ಹೊಸ ರಾಜ್ಯ ಒಂದು ಭಾಷೆಯ ಹೆಸರಿನಲ್ಲಿ ಹುಟ್ಟಿತು. ಊರಿನ ವಾಚನಾಲಯಕ್ಕೆ ಯಾವ ಭಾಷೆಯ ಪುಸ್ತಕ ಬರಬೇಕೆಂಬ ಪ್ರಶ್ನೆಗೆ ಇದರಿಂದ ಹೊಸ ತೂಕ ಬಂತು.

ಇದರ ಹಿಂದುಮುಂದಿನಲ್ಲೇ ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾಯಿತು. 1952ರ ಅಕ್ಟೋಬರ್ 2ರಂದು ಮೊದಲ ಯೋಜನಾ ಕ್ಷೇತ್ರಗಳು, ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಪ್ರಾರಂಭಗೊಂಡವು. ವಯಸ್ಕರ ಶಿಕ್ಷಣವೆಂದರೆ ಅಕ್ಷರ ಕಲಿಕೆ ಮಾತ್ರವಲ್ಲ, ಸಮಾಜ ಶಿಕ್ಷಣ ಎಂಬ ಮೌಲಾನಾ ಆಜಾದರ ನಿಲುವು ಬ್ಲಾಕ್‌ನ ಆಯವ್ಯಯದಲ್ಲಿ ಒಂದು ಪ್ರತ್ಯೇಕ ಶೀರ್ಷಿಕೆಯಾಯಿತು. ಸಮಾಜ ಶಿಕ್ಷಣ ಸಂಘಟಕರು ನೇಮಕಗೊಂಡರು. ಸಮುದಾಯ ಕೇಂದ್ರ, ಯುವಕ ಸಂಘ, ಮಹಿಳಾ ಮಂಡಲ, ಭಜನೆ, ನಾಟಕ, ರೇಡಿಯೋ ಆಲಿಸುವಿಕೆ ಇವೆಲ್ಲ ಅವರ ಕಾರ್ಯವ್ಯಾಪ್ತಿಯಲ್ಲಿದ್ದವು. ಊರಿನವರು ತಮ್ಮ ಪಾಲನ್ನು ಹಣ, ಸಾಮಗ್ರಿ ಅಥವಾ ಶ್ರಮದಾನದ ರೂಪದಲ್ಲಿ ಕೊಡಬೇಕೆಂಬುದು ಸಹಾಯಧನದ ಮೂಲ ತತ್ತ್ವವಾಗಿತ್ತು.

ಈ ವ್ಯವಸ್ಥೆಯಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು, ಶ್ರಮದಾನ ಗೋಡೆಗೆ ಒದಗುತ್ತದೆ. ಗಡಿಯಾಚೆಯಿಂದ ಪುಸ್ತಕ ತರಿಸಲು ಒದಗುವುದಿಲ್ಲ. ಆದ್ದರಿಂದ ಪಾಲುಗಾರಿಕೆಯ ನಿಯಮವೇ ಹಣವನ್ನು ಕಟ್ಟಡದ ಕಡೆಗೆ ಒಲಿಸಿತು. ಎರಡನೆಯದು, ಬ್ಲಾಕ್‌ನ ಲೆಕ್ಕಶೀರ್ಷಿಕೆಗೆ ಭಾಷೆಯಿರಲಿಲ್ಲ. ಭಾಷೆಯನ್ನು ಹೇಳದ ಶೀರ್ಷಿಕೆ ರೂಢಿಯಲ್ಲಿ ರಾಜ್ಯಭಾಷೆಯ ಶೀರ್ಷಿಕೆಯಾಗುತ್ತದೆ. ಇದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ಇದೇ ಕಾಲದಲ್ಲಿ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ನವಸಾಕ್ಷರರಿಗೆಂದು ಕನ್ನಡದಲ್ಲಿ ಪುಸ್ತಕ, ಪತ್ರಿಕೆಗಳನ್ನು ಸಿದ್ಧಪಡಿಸುತ್ತಿತ್ತು. ಆದರೆ ಅದರ ಕಾರ್ಯಕ್ಷೇತ್ರ ಮೈಸೂರು ರಾಜ್ಯವಾಗಿತ್ತು. ಗಡಿಯನ್ನು ಸಲೀಸಾಗಿ ದಾಟಬಲ್ಲದ್ದು ರೇಡಿಯೋ ಒಂದೇ. 1955ರಲ್ಲಿ ಆರಂಭವಾದ ಬೆಂಗಳೂರು ಆಕಾಶವಾಣಿಗೆ ಪಂಚಾಯತಿಯ ರೇಡಿಯೋವನ್ನು ತಿರುಗಿಸಲು ಯಾವ ಆದೇಶವೂ ಬೇಕಿರಲಿಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ರೂಪುಗೊಂಡದ್ದೂ ಈ ದಶಕದಲ್ಲಿಯೇ. 1956ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣವನ್ನು ಕುರಿತದ್ದು. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ನೇಮಕವನ್ನು ಕುರಿತದ್ದು. ಅದೇ ವರ್ಷದ ಕೇಂದ್ರ ಜ್ಞಾಪನಪತ್ರವು, 1949ರ ಶಿಕ್ಷಣ ಸಚಿವರ ಸಮ್ಮೇಳನದ ಸೂತ್ರದಂತೆ, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಬೋಧನೆ ಎಂಬ ಅಳತೆಯನ್ನು ಒಪ್ಪಿತು. ಸರ್ಕಾರಿ ಪ್ರಕಟಣೆಗಳಿಗೂ ಜನಸಂಖ್ಯೆಯ ಶೇಕಡಾ ಪ್ರಮಾಣವೇ ಆಧಾರವಾಯಿತು. ಅನುದಾನದಲ್ಲಿ ತಾರತಮ್ಯ ಕೂಡದೆಂದು ಹೇಳುವ 30ನೆಯ ವಿಧಿಯ ಎರಡನೆಯ ಖಂಡವೂ ಶಿಕ್ಷಣ ಸಂಸ್ಥೆಗಳಿಗೇ ಸೀಮಿತ. ಹೀಗಾಗಿ ಮಗುವಿಗೆ ಶಾಲೆಯಲ್ಲಿ, ಪ್ರಜೆಗೆ ಕಚೇರಿಯಲ್ಲಿ ಒಂದು ಅಳತೆಯ ರಕ್ಷಣೆ ದೊರೆಯಿತು. ಶಾಲೆ ಬಿಟ್ಟ ಯುವಕ, ಸಂಜೆ ಸೇರುವ ಹೆಂಗಸರು, ಪದ ಹಾಡುವ ಮುದುಕರು ಯಾವ ಅಳತೆಗೂ ಸಿಗಲಿಲ್ಲ. 29ನೆಯ ವಿಧಿ ಭಾಷೆ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಅದಕ್ಕೆ ತಗಲುವ ಖರ್ಚಿನ ಮಾತನ್ನು ಆಡುವುದಿಲ್ಲ.

ಮುಂದಿನ ದಶಕಗಳು ಈ ಒಲವನ್ನು ಬದಲಿಸಲಿಲ್ಲ. 1993ರಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯು ಬಾಳಿಕೆಯುಳ್ಳ ಸಾಮುದಾಯಿಕ ಆಸ್ತಿಗಳಿಗೆ ಮೀಸಲು. ಆವರ್ತಕ ವೆಚ್ಚಕ್ಕೆ ಅಲ್ಲಿ ಎಡೆಯಿಲ್ಲ. 2010ರ ಕಾಯಿದೆಯಿಂದ ರೂಪುಗೊಂಡ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಹೊರರಾಜ್ಯಗಳ ಕನ್ನಡ ಪ್ರದೇಶಗಳಿಗೂ ನೆರವು ನೀಡತೊಡಗಿದ್ದು ಗಮನಾರ್ಹ ತಿರುವು. ಮೊದಲ ಬಾರಿಗೆ ಅನುದಾನದ ಶೀರ್ಷಿಕೆಯಲ್ಲೇ ಕನ್ನಡವಿತ್ತು. ಆದರೆ ಅಲ್ಲಿಯೂ ಭವನ, ರಂಗಮಂದಿರ, ಶಾಲಾ ಕೊಠಡಿಗಳಿಗೆ ಮಹತ್ತ್ವದ ಸ್ಥಾನವಿದೆ. ಅದಲ್ಲದೆ, ಒಂದು ರಾಜ್ಯದ ಹಣ ಇನ್ನೊಂದು ರಾಜ್ಯದ ಊರಿನಲ್ಲಿ ವೆಚ್ಚವಾದಾಗ ಭವನದ ನಿತ್ಯ ನಿರ್ವಹಣೆ ಯಾರ ಹೊಣೆಯೆಂಬ ಪ್ರಶ್ನೆ ಏಳುತ್ತದೆ. ರೊಳ್ಳ, ಅಗಳಿ, ಅಮರಾಪುರ, ಡಿ. ಹಿರೇಹಾಳು, ಬೊಮ್ಮನಹಾಳು ಮೊದಲಾದ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಆ ಶಾಲೆಯಿಂದ ಹೊರಬಂದವನು ಓದನ್ನು ಮುಂದುವರಿಸುವ ತಾಣ ಊರಿನಲ್ಲಿದೆಯೇ ಎಂಬುದರ ಮೇಲೆ ಆ ಶಾಲೆಗಳ ಭವಿಷ್ಯವೂ ನಿಂತಿದೆ.

ಹೊರಜಗತ್ತಿನ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಅಮೆರಿಕದ ಉದ್ಯಮಿ ಆಂಡ್ರೂ ಕಾರ್ನೆಗಿ ಊರುಗಳಿಗೆ ಗ್ರಂಥಾಲಯದ ಕಟ್ಟಡ ಕಟ್ಟಿಸಿಕೊಡುವಾಗ, ಕಟ್ಟಡದ ಮೊತ್ತದ ಶೇಕಡಾ 10ರಷ್ಟನ್ನು ಪ್ರತಿವರ್ಷ ನಿರ್ವಹಣೆಗೆ ಕೊಡುವುದಾಗಿ ಆ ಊರು ಒಪ್ಪಬೇಕೆಂದು ಸಾಮಾನ್ಯವಾಗಿ ಷರತ್ತು ಹಾಕುತ್ತಿದ್ದನು. ನಮ್ಮ ಅನುದಾನಗಳು ಊರಿನ ಪಾಲನ್ನು ಕಟ್ಟುವಾಗ ಕೇಳಿದವು. ಅವನ ಷರತ್ತು ಅದನ್ನು ನಡೆಸುವಾಗ ಕೇಳಿತು.

ಆದರೆ ಮಾದರಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಆಂಧ್ರಪ್ರದೇಶದ 1960ರ ಗ್ರಂಥಾಲಯ ಕಾಯಿದೆಯು ಗ್ರಂಥಾಲಯ ಕರವನ್ನು ಮುಂದುವರಿಸಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲೇ ಉಳಿದರೂ, ಈ ತತ್ತ್ವಕ್ಕೆ ಬಾಧೆಯಿಲ್ಲ. ಗಡಿಯ ಕನ್ನಡಿಗನು ಕನ್ನಡ ಪುಸ್ತಕ, ಪತ್ರಿಕೆಗಳನ್ನು ಕೇಳುವಾಗ ಬೆಂಗಳೂರಿನ ಔದಾರ್ಯವನ್ನೋ ಅಮರಾವತಿಯ ಕೃಪೆಯನ್ನೋ ಕೇಳುತ್ತಿಲ್ಲ. ತಾನು ತೆತ್ತ ಕರದ ಪಾಲನ್ನು ಕೇಳುತ್ತಿದ್ದಾನೆ. ಹೊರಗಿನ ಅನುದಾನ ಈ ಪಾಲಿಗೆ ಪೂರಕವಾಗಬೇಕು, ಬದಲಿಯಾಗಬಾರದು. ಭವನ ಮಂಜೂರಾಗುವ ದಿನವೇ ಅದರ ದೀಪ, ಪುಸ್ತಕ, ಕಲಾವಿದರ ಸಂಭಾವನೆಗಳಿಗೆ ವಾರ್ಷಿಕ ಮೊತ್ತವೂ ನಿಗದಿಯಾಗಬೇಕು. ನಂದಾದೀವಿಗೆಗೆ ಭೂಮಿ ಬಿಟ್ಟ ಶಾಸನಗಳ ನಾಡಿಗೆ ಇದು ಅಪರಿಚಿತ ವಿಚಾರವಲ್ಲ.