ಬೀಗದ ಕೈ ಯಾರ ಕೈಯಲ್ಲಿ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಪುಟ್ಟ ಊರಿದೆ. ಝರಿ ಜಲಪಾತ ನೋಡಲು ಬರುವವರು ತಮ್ಮ ಕಾರನ್ನು ಮೇಲೆ ನಿಲ್ಲಿಸಿ ಬಾಡಿಗೆ ಜೀಪು ಹತ್ತುತ್ತಾರೆ. ಹಾಗೆ ಹೋದವರೊಬ್ಬರ ಜೇಬಿನಿಂದ ಕಾರಿನ ಕೀ ಜಾರಿ ನೀರುಪಾಲಾಯಿತು ಎಂದುಕೊಳ್ಳಿ. ಇನ್ನೊಂದು ಕೀ ಬೆಂಗಳೂರಿನ ಮನೆಯ ಬೀರುವಿನಲ್ಲಿದೆ. ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಅದೂ ಇಲ್ಲ. ಜೀಪಿನವರ ಬಳಿ ಸ್ಪ್ಯಾನರ್ ಇದೆ, ಹಗ್ಗ ಇದೆ, ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆದು ತೆಗೆದ ಅನುಭವವಿದೆ. ಆದರೆ ಆ ಹೊಸ ಕಾರನ್ನು ಚಾಲೂ ಮಾಡಲು ಇವು ಯಾವುವೂ ಸಾಲುವುದಿಲ್ಲ. ಅದೇ ಜಾಗದಲ್ಲಿ ಹಳೆಯ ಜೀಪು ನಿಂತಿದ್ದರೆ ಎರಡು ತಂತಿ ಜೋಡಿಸಿ ಸಂಜೆಯೊಳಗೆ ಊರು ಸೇರಬಹುದಿತ್ತು.

ಜೀಪಿಗೂ ಕೀಗೂ ಇರುವ ನಂಟೇ ವಿಚಿತ್ರವಾದದ್ದು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕ ತಯಾರಿಸಿದ ವಿಲ್ಲಿಸ್ ಜೀಪುಗಳಿಗೆ ಮೊದಲು ಕೀ ಇತ್ತು; ಕೆಲ ಕಾಲದಲ್ಲೇ ಅದನ್ನು ತೆಗೆದು ಬರೀ ತಿರುಗಿಸುವ ಸ್ವಿಚ್ ಕೂರಿಸಿದರು. ರಣರಂಗದಲ್ಲಿ ಕೀ ಹುಡುಕುತ್ತಾ ಕೂರಲು ಸಾಧ್ಯವೇ? ಸ್ವಿಚ್ ತಿರುಗಿಸಿ, ಕಾಲಬುಡದ ಗುಂಡಿ ಒತ್ತಿದರೆ ಎಂಜಿನ್ ಎದ್ದು ಕೂರುತ್ತಿತ್ತು. ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದ್ದು ಇದೇ ವಿಲ್ಲಿಸ್ ಮನೆತನದ ಜೀಪುಗಳನ್ನು. ಕಾಫಿ ಸೀಮೆಯ ಗುಡ್ಡದ ರಸ್ತೆಗಳಿಗೆ ಹೇಳಿ ಮಾಡಿಸಿದ ಗಾಡಿ ಅದು.

ಕಾರುಗಳ ಕಥೆ ಬೇರೆ. ಫೋರ್ಡ್ ಕಂಪನಿಯ ಹೆಸರಾಂತ 'ಮಾಡೆಲ್ ಟಿ' ಕಾರಿಗೆ 1919ರ ನಂತರ ಬಂದ ಕೀಗಳಲ್ಲಿ ಇದ್ದದ್ದು ಕೇವಲ 24 ಬಗೆ. ಯಾವ ಕೀ ಬೇಕೆಂಬ ನಂಬರನ್ನು ಸ್ವಿಚ್ಚಿನ ಮೇಲೇ ಅಚ್ಚು ಹಾಕಿರುತ್ತಿದ್ದರು! ಲಕ್ಷಾಂತರ ಕಾರುಗಳು, 24 ಕೀ. ಹಾಗಾಗಿ ಪಕ್ಕದ ಮನೆಯವರ ಕೀ ನಮ್ಮ ಕಾರಿಗೂ ಆಗಿಬಿಡುವ ಸಂಭವವಿತ್ತು. ಕೀಯನ್ನು ತಿರುಗಿಸಿದರೆ ಎಂಜಿನ್ನೇ ಚಾಲೂ ಆಗುವ ಏರ್ಪಾಡನ್ನು ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ.

ಅಲ್ಲಿಂದ ಮುಂದೆ ಮೂರು ದಶಕಗಳ ಕಾಲ ಕಾರಿನ ಕೀ ಎಂದರೆ ಹಲ್ಲು ಕೊರೆದ ಲೋಹದ ತುಂಡು, ಅಷ್ಟೆ. ಕೀಯ ಗುಟ್ಟೆಲ್ಲ ಅದರ ಆಕಾರದಲ್ಲಿತ್ತು. ಆಕಾರ ಕಣ್ಣಿಗೆ ಕಾಣುವಂಥದ್ದು. ಆದ್ದರಿಂದ ಪೇಟೆಯ ಬಸ್ ನಿಲ್ದಾಣದ ಬಳಿ ಅರ ಹಿಡಿದು ಕೂತವನು ಹತ್ತು ನಿಮಿಷದಲ್ಲಿ ಅದರ ಜೋಡಿಯನ್ನು ಉಜ್ಜಿ ಕೊಡುತ್ತಿದ್ದ. ಮಾಲೀಕನಿಗೆ ಸುಲಭವಾದದ್ದು ಕಳ್ಳನಿಗೂ ಸುಲಭವೇ ಆಗಿತ್ತು.

ಬದಲಾವಣೆ ಶುರುವಾದದ್ದು 1980ರ ದಶಕದಲ್ಲಿ, ಎರಡು ಬೇರೆ ಬೇರೆ ದಾರಿಗಳಲ್ಲಿ. 1982ರಲ್ಲಿ ಫ್ರಾನ್ಸಿನ ರೆನೋ ಕಂಪನಿ ತನ್ನ 'ಫ್ಯೂಗೊ' ಕಾರಿಗೆ ದೂರದಿಂದಲೇ ಬಾಗಿಲು ತೆರೆಯುವ ರಿಮೋಟ್ ಕೊಟ್ಟಿತು. ಅದನ್ನು ಕಂಡುಹಿಡಿದವರು ಪಾಲ್ ಲಿಪ್‌ಶುಟ್ಸ್. ಅವರ ಹೆಸರಿನ ಅಕ್ಷರಗಳಿಂದಲೇ ಫ್ರೆಂಚರು ಇಂದಿಗೂ ಅದನ್ನು 'ಪ್ಲಿಪ್' ಎನ್ನುತ್ತಾರೆ. ಇದು ಅನುಕೂಲದ ದಾರಿ. ಇನ್ನೊಂದು ಕಾವಲಿನ ದಾರಿ. 1986ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನ ಕೀಯಲ್ಲಿ ಒಂದು ಪುಟ್ಟ ರೆಸಿಸ್ಟರನ್ನು ಹುದುಗಿಸಲಾಯಿತು. ಹಲ್ಲು ಹೊಂದಿದರೂ ರೆಸಿಸ್ಟರಿನ ಅಳತೆ ಹೊಂದದಿದ್ದರೆ ಎಂಜಿನ್ ಏಳುತ್ತಿರಲಿಲ್ಲ. ಅಲ್ಲಿದ್ದದ್ದು 15 ಅಳತೆಗಳು ಮಾತ್ರ. ಆದರೆ ಅಂದಿನಿಂದ ಕೀಯ ಗುಟ್ಟು ಕಣ್ಣಿಗೆ ಕಾಣದ ಕಡೆಗೆ ಜಾರಲು ಆರಂಭಿಸಿತು.

ಬರ್ಲಿನ್ ಗೋಡೆ ಬಿದ್ದ ಮೇಲೆ ಜರ್ಮನಿಯಲ್ಲಿ ಕಾರುಗಳ್ಳತನ ವಿಪರೀತವಾಯಿತು. ವಿಮಾ ಕಂಪನಿಗಳು ಪಟ್ಟು ಹಿಡಿದವು. 1995ರ ಯುರೋಪಿನ ಒಂದು ನಿರ್ದೇಶನದಂತೆ 1998ರ ಅಕ್ಟೋಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ 'ಇಮೊಬಿಲೈಸರ್' ಕಡ್ಡಾಯವಾಯಿತು. ಮುಂದೆ ನಮ್ಮ ದೇಶದ ಕಾರುಗಳಿಗೂ ಅದು ಬಂತು.

ಇಂದಿನ ರಿಮೋಟ್ ಕೀಯೊಳಗೆ ಸಾಮಾನ್ಯವಾಗಿ ಮೂರು ವಸ್ತುಗಳಿವೆ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಒಂದು, ಹಳೆಯ ಲೋಹದ ಅಲಗು. ಎರಡು, ಬಾಗಿಲು ತೆರೆಯುವ ರೇಡಿಯೊ. ಅದಕ್ಕೆ ಗುಂಡಿಯಂಥ ಬ್ಯಾಟರಿ ಬೇಕು. ಪ್ರತಿ ಸಲ ಒತ್ತಿದಾಗಲೂ ಅದು ಹೊಸದೊಂದು ಸಂಕೇತ ಕಳಿಸುತ್ತದೆ. ನಿನ್ನೆಯದನ್ನು ಯಾರೋ ಕದ್ದು ಕೇಳಿಸಿಕೊಂಡಿದ್ದರೂ ಇವತ್ತು ಅದು ನಡೆಯದ ನಾಣ್ಯ. ಮೂರು, ಅಕ್ಕಿಕಾಳಿಗಿಂತ ತುಸು ದೊಡ್ಡದಾದ 'ಟ್ರಾನ್ಸ್‌ಪಾಂಡರ್' ಚಿಪ್. ಇದಕ್ಕೆ ಬ್ಯಾಟರಿ ಬೇಡ. ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿಯೇ ಅದಕ್ಕೆ ಶಕ್ತಿ ಕೊಟ್ಟು ಎಬ್ಬಿಸಿ 'ನೀನು ಯಾರು?' ಎಂದು ಕೇಳುತ್ತದೆ. ಉತ್ತರ ಸರಿಯಿದ್ದರೆ ಎಂಜಿನ್ ಓಡುತ್ತದೆ, ಇಲ್ಲವಾದರೆ ಇಲ್ಲ. ಬ್ಯಾಟರಿ ಸತ್ತ ರಿಮೋಟಿನಿಂದಲೂ ಕಾರು ಚಾಲೂ ಆಗುವುದು ಇದರಿಂದಲೇ.

ಹೊಸ ಕೀಯನ್ನು 'ಪ್ರೋಗ್ರಾಂ' ಮಾಡುವುದೆಂದರೆ ಅದಕ್ಕೂ ಕಾರಿಗೂ ಪರಿಚಯ ಮಾಡಿಸುವುದು. ಬಾಗಿಲಿನ ರಿಮೋಟನ್ನು ಎಷ್ಟೋ ಕಾರುಗಳಿಗೆ ಮನೆಯಲ್ಲೇ ಪರಿಚಯಿಸಬಹುದು. ಅಮೆರಿಕದಲ್ಲಿ ಮಾರಾಟವಾದ ಫೋರ್ಡ್‌ನ ಕೆಲವು ಕಾರುಗಳಲ್ಲಿ ಕೀಯನ್ನು ಹತ್ತು ಸೆಕೆಂಡಿನೊಳಗೆ ಎಂಟು ಸಲ ಆನ್-ಆಫ್ ಮಾಡಬೇಕು. ಬಾಗಿಲುಗಳ ಲಾಕ್ ತಾನಾಗಿ ಬಿದ್ದು ಏಳುತ್ತದೆ. ಅದು ಕಾರು ಹೂಂಗುಟ್ಟಿದ ಗುರುತು. ಆಗ ಹೊಸ ರಿಮೋಟಿನ ಗುಂಡಿ ಒತ್ತಿದರೆ ಆಯಿತು. ಹಾಗೆ ಮಾಡಿದಾಗ ಹಳೆಯ ರಿಮೋಟುಗಳ ನೆನಪು ಅಳಿಸಿಹೋಗುವುದರಿಂದ ಅವನ್ನೂ ಮತ್ತೆ ಒತ್ತಬೇಕು. ಆದರೆ ಎಂಜಿನ್ನಿನ ಚಿಪ್ ವಿಷಯದಲ್ಲಿ ಕಾರು ಬಿಗಿ. ಅಂಥ ಕಾರುಗಳಿಗೆ ಮಾಲೀಕನೇ ಮೂರನೇ ಕೀಯನ್ನು ಸೇರಿಸಬೇಕಾದರೆ ಆಗಲೇ ಪರಿಚಯವಿರುವ ಎರಡು ಕೀಗಳನ್ನು ತೋರಿಸಬೇಕು. ಇರುವ ಒಂದೇ ಕೀ ಕಳೆದವನಿಗೆ ಉಳಿಯುವ ದಾರಿ ಸರ್ವಿಸ್ ಸ್ಟೇಷನ್ನಿನ ಯಂತ್ರ, ಇಲ್ಲವೇ ಅಂಥದ್ದೇ ಯಂತ್ರವಿರುವ ಕೀ ಅಂಗಡಿ.

ಅಂದರೆ, ನೂರು ವರ್ಷಗಳಲ್ಲಿ ಆದದ್ದು ಇಷ್ಟು: ಬೀಗದ ಗುಟ್ಟು ಲೋಹದಿಂದ ಅಂಕಿಗೆ ಬಂತು, ಅದರೊಂದಿಗೆ ಜೋಡಿ ಕೀ ಮಾಡುವ ಅಧಿಕಾರ ಅರ ಹಿಡಿದವನ ಕೈಯಿಂದ ಕಂಪನಿಯ ಕಂಪ್ಯೂಟರಿಗೆ ಹೋಯಿತು. ಕಾರಿಗೆ ದುಡ್ಡು ಕೊಟ್ಟವರು ನಾವು; ಅದರ ಮನೆಯೊಳಗೆ ಯಾರನ್ನು ಬಿಡಬೇಕೆಂದು ನಿರ್ಧರಿಸುವವರು ಬೇರೆಯವರು.

ಇದನ್ನು ಕಂಪನಿಗಳ ದುರಾಸೆ ಎಂದು ತಳ್ಳಿಹಾಕುವುದೂ ಸರಿಯಲ್ಲ. 2012ರ ಸುಮಾರಿಗೆ ಬ್ರಿಟನ್ನಿನಲ್ಲಿ ಕಳ್ಳರು ಕಾರಿನ ಗಾಜು ಒಡೆದು, ಮೆಕ್ಯಾನಿಕ್‌ಗಳಿಗೆಂದು ಇಟ್ಟಿದ್ದ ಸಾಕೆಟ್ಟಿಗೆ ಯಂತ್ರ ಸಿಕ್ಕಿಸಿ, ಖಾಲಿ ಕೀಯನ್ನು ನಿಮಿಷಗಳಲ್ಲೇ ಪರಿಚಯಿಸಿಕೊಂಡು ಕಾರು ಒಯ್ದರು. ಮಾಲೀಕನಿಗೆ ತೆರೆದ ಬಾಗಿಲಿನಲ್ಲಿ ಕಳ್ಳನೂ ನುಗ್ಗುತ್ತಾನೆ.

ಆದರೆ ಮುಚ್ಚಿಟ್ಟ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ ಎಂಬುದೂ ಚರಿತ್ರೆಯ ಪಾಠ. ಲಂಡನ್ನಿನ ಬ್ರಾಮಾ ಎಂಬ ಬೀಗದ ಕಂಪನಿ ತನ್ನ ಬೀಗ ತೆರೆದವರಿಗೆ 200 ಗಿನಿ ಬಹುಮಾನ ಎಂದು ಅಂಗಡಿಯಲ್ಲಿ ಬೋರ್ಡು ಹಾಕಿತ್ತು. ದಶಕಗಳ ನಂತರ, 1851ರಲ್ಲಿ, ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದೇಬಿಟ್ಟ. ನಮ್ಮ ಕಾಲದಲ್ಲೂ ಅದೇ. ಲಕ್ಷಾಂತರ ಕಾರುಗಳಲ್ಲಿದ್ದ 'ಮೆಗಾಮೋಸ್' ಚಿಪ್ಪಿನ ದೋಷವನ್ನು ಸಂಶೋಧಕರು ಪತ್ತೆಹಚ್ಚಿದಾಗ 2013ರಲ್ಲಿ ಲಂಡನ್ನಿನ ನ್ಯಾಯಾಲಯ ಅದರ ಪ್ರಕಟಣೆಗೆ ತಡೆ ನೀಡಿತು. 2015ರಲ್ಲಿ ಅದು ಅಚ್ಚಾಯಿತು. ನಡುವಿನ ಎರಡು ವರ್ಷ ಕಾರಿನ ಮಾಲೀಕರು ಕತ್ತಲಲ್ಲಿದ್ದರು.

ಇದೇ ಬೆಟ್ಟದ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಅರಬರು ಮೊಳೆಯುವ ಕಾಫಿ ಬೀಜವನ್ನು ದೇಶದ ಹೊರಗೆ ಬಿಡುತ್ತಿರಲಿಲ್ಲವಂತೆ. 17ನೇ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜಗಳನ್ನು ಗುಟ್ಟಾಗಿ ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಅತ್ತಿಗುಂಡಿಯ ಸುತ್ತ ಇಂದು ಕಾಣುವ ತೋಟಗಳ ಬೇರು ಆ ಕಥೆಯಲ್ಲಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ದುರಸ್ತಿಯ ಹಕ್ಕನ್ನು ಮತ ಹಾಕಿ ಗೆದ್ದರು. ಕೀಯ ಗುಟ್ಟನ್ನು ಎಲ್ಲರಿಗೂ ಬಿಟ್ಟುಕೊಡದೆ, ಪೂರ್ವಾಪರ ವಿಚಾರಿಸಿ ನೋಂದಾಯಿಸಿಕೊಂಡ ಸ್ವತಂತ್ರ ಕೀ ತಯಾರಕರಿಗೆ ಕೊಡುವ ಮಧ್ಯದ ದಾರಿಯೊಂದು ಆ ದೇಶದಲ್ಲಿದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿ, ಆ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಅಂತರ್ಜಾಲ ತಾಣ ತೆರೆಯಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಗುಟ್ಟನ್ನು ಬೀದಿಗೆ ಚೆಲ್ಲದೆ, ನಂಬಿಕಸ್ಥ ಕುಶಲಕರ್ಮಿಯ ಕೈಗೆ ಒಪ್ಪಿಸುವ ಅಂಥ ಏರ್ಪಾಡು ನಮ್ಮ ತಾಲ್ಲೂಕು ಕೇಂದ್ರಗಳಿಗೂ ಬರಬೇಕು.

ಅಲ್ಲಿಯವರೆಗೆ ಮಾಲೀಕರು ಮಾಡಬಹುದಾದದ್ದು ಸರಳ. ಹಳೆಯ ಕಾರು ಕೊಳ್ಳುವಾಗ ಎರಡೂ ಕೀ ಕೇಳಿ ಪಡೆಯಿರಿ. ಕೀಯ ಜೊತೆ ಬಂದ ನಂಬರಿನ ಬಿಲ್ಲೆ ಅಥವಾ ಕಾರ್ಡನ್ನು ಆರ್.ಸಿ. ಪುಸ್ತಕದಷ್ಟೇ ಜೋಪಾನ ಮಾಡಿ, ಆದರೆ ಕಾರಿನೊಳಗೆ ಇಡಬೇಡಿ. ಒಂದು ಕೀ ಕಳೆದರೆ ಎರಡನೆಯದೂ ಕಳೆಯುವ ತನಕ ಕಾಯಬೇಡಿ. ಬೆಟ್ಟಕ್ಕೆ ಹೊರಟಾಗ ಇನ್ನೊಂದು ಕೀ ಜೊತೆಯಲ್ಲಿ ಬರುವ ಮತ್ತೊಬ್ಬರ ಜೇಬಿನಲ್ಲಿರಲಿ. ಹಿಂದೆ ಜೋಡಿ ಕೀ ಇಲ್ಲದವನು ಸೋಮಾರಿ ಅನ್ನಿಸಿಕೊಳ್ಳುತ್ತಿದ್ದ; ಈಗ ಅವನು ಅತ್ತಿಗುಂಡಿಯ ಮಂಜಿನಲ್ಲಿ ತನ್ನದೇ ಕಾರಿನ ಹೊರಗೆ ನಿಲ್ಲಬೇಕಾಗುತ್ತದೆ.