ಬುಧ ಸಂಕ್ರಮಣದ ಚಿತ್ರ ತೆಗೆಯುವಾಗ: ಕದಲುವ ಗಾಳಿ ಮತ್ತು ‘ಕಪ್ಪು ಹನಿ’

ಬುಧ ಅಥವಾ ಶುಕ್ರ ಗ್ರಹವು ಭೂಮಿಗೂ ಸೂರ್ಯನಿಗೂ ನಡುವೆ ನೇರವಾಗಿ ಬಂದಾಗ ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ಸಾಗುತ್ತದೆ. ಇದಕ್ಕೆ ಸಂಕ್ರಮಣ ಎನ್ನುತ್ತಾರೆ. 2012ರಲ್ಲಿ ನಡೆದ ಶುಕ್ರ ಸಂಕ್ರಮಣ ಮತ್ತೆ ಬರುವುದು 2117ರಲ್ಲಿ. ಬುಧನದು ಅಷ್ಟು ದೂರವಿಲ್ಲ. 2032ರ ನವೆಂಬರ್ 13ರಂದು ಮಧ್ಯಾಹ್ನ ಸುಮಾರು 12.10ರಿಂದ ಸಂಜೆ 4.35ರವರೆಗೆ, ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಎಲ್ಲ ಗಡಿಯೂರುಗಳಲ್ಲೂ ಅದು ಪೂರ್ತಿಯಾಗಿ ನಡೆಯಲಿದೆ.

ಗ್ರಹವು ಸೂರ್ಯನ ಅಂಚನ್ನು ಮುಟ್ಟುವ ಕ್ಷಣವನ್ನು ಬೇರೆ ಬೇರೆ ಊರುಗಳಿಂದ ಅಳೆದು ಸೂರ್ಯನ ದೂರ ತಿಳಿಯುವುದು ಹಿಂದಿನವರ ಗುರಿಯಾಗಿತ್ತು. 1874ರ ಶುಕ್ರ ಸಂಕ್ರಮಣಕ್ಕೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಬರೆದ ಕಿರುಪುಸ್ತಕ ಕನ್ನಡದಲ್ಲೂ ಬಂದಿತ್ತು. ಅದೇ ವರ್ಷ ಫ್ರಾನ್ಸಿನ ಜಾನ್ಸೆನ್ ಜಪಾನಿನಲ್ಲಿ 72 ಸೆಕೆಂಡಿನಲ್ಲಿ 48 ಚಿತ್ರ ತೆಗೆಯುವ ಯಂತ್ರ ಬಳಸಿದರು.

ಆದರೆ ಆ ಕ್ಷಣ ಸ್ಪಷ್ಟವಾಗಿ ಸಿಗುತ್ತಿರಲಿಲ್ಲ. ಬೀಳಲಿರುವ ನೀರಹನಿಯಂತೆ ಗ್ರಹವು ಸೂರ್ಯನ ಅಂಚಿಗೆ ಅಂಟಿಕೊಂಡಂತೆ ಕಾಣುತ್ತಿತ್ತು. ಇದೇ ‘ಕಪ್ಪು ಹನಿ’. ಶುಕ್ರನ ವಾತಾವರಣವೇ ಕಾರಣವೆಂದು ಹಲವರು ನಂಬಿದ್ದರು. 1999ರ ಬುಧ ಸಂಕ್ರಮಣದಲ್ಲಿ ಟ್ರೇಸ್ ಉಪಗ್ರಹದ ಚಿತ್ರಗಳಲ್ಲೂ ಹನಿ ಕಂಡಿತು. ಬುಧನಿಗೆ ವಾತಾವರಣ ಇಲ್ಲವೆನ್ನುವಷ್ಟು ಕಡಿಮೆ. ಉಪಗ್ರಹವೋ ನಮ್ಮ ಗಾಳಿಯಿಂದ ಮೇಲಿತ್ತು. ದೂರದರ್ಶಕದ ಮಸುಕು ಮತ್ತು ಸೂರ್ಯನ ಅಂಚು ನಡುಭಾಗಕ್ಕಿಂತ ಮಂದವಾಗಿರುವುದು, ಇವೆರಡೇ ಕಾರಣವೆಂದು ತಿಳಿಯಿತು. ನೆಲದಿಂದ ನೋಡುವವರಿಗೆ ಕದಲುವ ಗಾಳಿ ಈ ಮಸುಕನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಚಿತ್ರ ತೆಗೆಯುವವರ ಗಮನಕ್ಕೆ:

* ಬುಧನ ಅಗಲ ಸೂರ್ಯಬಿಂಬದ ಸುಮಾರು 194ರಲ್ಲಿ ಒಂದು ಪಾಲು. ಗ್ರಹಣದ ಕನ್ನಡಕದಲ್ಲಿ ಕಾಣದು, ದೂರದರ್ಶಕ ಬೇಕು. 1000 ಮಿ.ಮೀ. ನಾಭಿದೂರದಲ್ಲಿ ಸೂರ್ಯ ಸುಮಾರು 9 ಮಿ.ಮೀ., ಬುಧ 0.05 ಮಿ.ಮೀ. ಅಷ್ಟೇ.
* ಮಧ್ಯಾಹ್ನ ಕಾದ ಆರ್‌ಸಿಸಿ ತಾರಸಿ, ತಗಡಿನ ಮಾಡು, ಡಾಂಬರು ರಸ್ತೆಗಳ ಮೇಲಿನ ಗಾಳಿ ಅಲೆಯಾಡುತ್ತದೆ. ಹುಲ್ಲಿರುವ ಬಯಲು ಅಥವಾ ಕೆರೆಯ ದಂಡೆ ಮೇಲು.
* ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು, ಅದರ ಕೊಳವೆಗೆ ನೆರಳು ಮಾಡಿ.
* ಒಂದೇ ಚಿತ್ರವನ್ನು ನಂಬಬೇಡಿ. ಕಿರು ಅವಧಿಯ ನೂರಾರು ಚಿತ್ರ ತೆಗೆದು, ಸ್ಪಷ್ಟವಾದವನ್ನಷ್ಟೇ ಆರಿಸಿ ಒಂದರ ಮೇಲೊಂದು ಜೋಡಿಸಿ.
* ಸೌರ ಫಿಲ್ಟರು ದೂರದರ್ಶಕದ ಮುಂಬಾಯಿಗೇ ಇರಬೇಕು, ಕಣ್ಣಿಡುವ ತುದಿಗಲ್ಲ. ಫಿಲ್ಟರಿಲ್ಲದೆ ಕ್ಷಣಮಾತ್ರ ನೋಡಿದರೂ ದೃಷ್ಟಿ ಹೋಗಬಹುದು. ಮಕ್ಕಳಿದ್ದಲ್ಲಿ ಹಿರಿಯರೊಬ್ಬರು ಪಕ್ಕದಲ್ಲೇ ಇರಲಿ.