ಒರೆಯೊಳಗಿನ ಕತ್ತಿ: ಅಸಲು ಯಾವುದು, ನಕಲು ಯಾವುದು?

ಕಾರ್ಕಳದ ಗೊಮ್ಮಟನ ವಯಸ್ಸೆಷ್ಟು ಎಂದು ಕೇಳಿದರೆ ಕಲ್ಲೇ ಉತ್ತರ ಕೊಡುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸ ಅದನ್ನು ಪ್ರತಿಷ್ಠಾಪಿಸಿದನೆಂಬ ಶಾಸನ ಅಲ್ಲಿಯೇ ಇದೆ. ಆದರೆ ಅದೇ ಸೀಮೆಯ ಕುಕ್ಕುಂದೂರಿನಂಥ ಊರುಗಳಲ್ಲಿ, ದೈವಸ್ಥಾನ ಮತ್ತು ಗರಡಿಗಳ ಭಂಡಾರದಲ್ಲಿರುವ ಕಡ್ತಲೆ, ಸುರಿಯಗಳ ವಯಸ್ಸು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅಜ್ಜನ ಕಾಲದ್ದು." ಯಾವ ಅಜ್ಜನ ಕಾಲದ್ದು ಎಂಬುದನ್ನು ಕಬ್ಬಿಣ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಹಳೆಯ ಆಯುಧಗಳಿಗೆ ಇಂದು ದೊಡ್ಡ ಮಾರುಕಟ್ಟೆಯಿದೆ. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಬೋನಮ್ಸ್ ಹರಾಜು ಸಂಸ್ಥೆಯಲ್ಲಿ ಟಿಪ್ಪು ಸುಲ್ತಾನನ ಶಯನಾಗಾರದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಅಷ್ಟು ಬೆಲೆ ಬಂದದ್ದು ಬರಿಯ ಉಕ್ಕಿಗಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಆ ಖಡ್ಗವನ್ನು ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕಾಣಿಕೆಯಾಗಿ ಕೊಟ್ಟ ಸಂಗತಿಗೆ ದಾಖಲೆಯಿತ್ತು. ಕತ್ತಿಯೊಂದಿಗೆ ಅದರ ಕಥೆಯೂ ಕೈಯಿಂದ ಕೈಗೆ ಬಂದಿತ್ತು.

ಬೆಲೆ ಇದ್ದಲ್ಲಿ ನಕಲು ಇದ್ದೇ ಇರುತ್ತದೆ. ಇದಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ಉದಾಹರಣೆ ಜರ್ಮನಿಯ ಸೇನಾ ಕಠಾರಿಗಳು. 1933ರ ನಂತರ ಜೋಲಿಂಗನ್ ಪಟ್ಟಣದ ಕಾರ್ಖಾನೆಗಳು ಇವನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿದವು. 1945ರಲ್ಲಿ ಯುದ್ಧ ಮುಗಿದ ಮೇಲೆ ಉಳಿದ ಬಿಡಿಭಾಗಗಳನ್ನು ಜೋಡಿಸಿ ನೆನಪಿನ ವಸ್ತುವಾಗಿ ಮಾರಿದವರೂ ಇದ್ದರು. ಅಲಗು ಅಸಲು, ಹಿಡಿ ಬೇರೆಯದು, ಒರೆ ಇನ್ನೊಂದರದು! ಹೀಗಾಗಿ ಸಂಗ್ರಾಹಕರು ಕಠಾರಿಯನ್ನು ಇಡಿಯಾಗಿ ನೋಡದೆ ಭಾಗ ಭಾಗವಾಗಿ ಪರೀಕ್ಷಿಸುವುದನ್ನು ಕಲಿತರು.

ಜೋಲಿಂಗನ್ನಿಗೂ ನಮ್ಮ ನಾಡಿಗೂ ಹಳೆಯ ನಂಟಿದೆ. 16-17ನೆಯ ಶತಮಾನಗಳಲ್ಲಿ ಯುರೋಪಿನ ಅಲಗುಗಳು ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದವು. ಅವಕ್ಕೆ ಇಲ್ಲಿನ ಹಿಡಿ ಹಾಕಿದಾಗ ಅದು "ಫಿರಂಗಿ" ಕತ್ತಿ ಎನಿಸಿಕೊಂಡಿತು. ಓಡುವ ತೋಳದ ಗುರುತು ಮೊದಲು ಪಸಾವು ಪಟ್ಟಣದ್ದು. ಅದನ್ನು ಜೋಲಿಂಗನ್ನಿನವರು ಬಳಸಿದರು. ವಿದೇಶಿ ಗುರುತುಗಳನ್ನು ಭಾರತದ ಕಮ್ಮಾರರೂ ಕೊರೆದರು. ಆದ್ದರಿಂದ ಗುರುತೊಂದನ್ನೇ ನಂಬುವವನು ಮೋಸಹೋಗುತ್ತಾನೆ.

ಹಾಗಾದರೆ ನೋಡಬೇಕಾದದ್ದೇನು? ಮೊದಲನೆಯದು ಅಲಗಿನ ಲೋಹ. ದಕ್ಷಿಣ ಭಾರತದ ಮೂಸೆಯ ಉಕ್ಕು ಲೋಕಪ್ರಸಿದ್ಧ. ಇಂಗ್ಲಿಷಿನ "ವುಟ್ಜ್" ಎಂಬ ಮಾತು ಕನ್ನಡದ "ಉಕ್ಕು" ಶಬ್ದದಿಂದ ಬಂದದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಕಬ್ಬಿಣದ ತುಂಡಿನ ಜೊತೆ ತಂಗಡಿ ಕಟ್ಟಿಗೆ ಮತ್ತು ಎಲೆಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸುವ ಮೈಸೂರು ಸೀಮೆಯ ವಿಧಾನವನ್ನು 1800-01ರಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಈ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ. 1.5. ಹದವಾಗಿ ಬಡಿದ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಮೂಡುತ್ತವೆ. ಇವು ಲೋಹದ ಒಳಗಿನವಾದ್ದರಿಂದ ಉಜ್ಜಿದರೂ ಆಮ್ಲ ಸವರಿದಾಗ ಮತ್ತೆ ಕಾಣುತ್ತವೆ. ಮೇಲ್ಮೈಯಲ್ಲಿ ಮಾತ್ರ ಆಮ್ಲದಿಂದ ಬರೆದ ನಕಲಿ ಗೆರೆಗಳು ಉಜ್ಜಿದರೆ ಹೋಗುತ್ತವೆ.

ಎರಡನೆಯದು ತುಕ್ಕು. ಹಳೆಯ ತುಕ್ಕು ಕಂದು, ಕಪ್ಪು ಬಣ್ಣಕ್ಕೆ ತಿರುಗಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ಆಮ್ಲ ಹಾಕಿ ತರಿಸಿದ ತುಕ್ಕು ಕೆಂಪಾಗಿ, ಪುಡಿಪುಡಿಯಾಗಿ, ಎಲ್ಲೆಡೆ ಒಂದೇ ಸಮನಾಗಿರುತ್ತದೆ. ಮೂರನೆಯದು ಹಿಡಿ. ಭಾರತೀಯ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ತುಂಬಿ ಭದ್ರಪಡಿಸುತ್ತಿದ್ದರು. ಅರಗಿನ ಜಾಗದಲ್ಲಿ ಈಗಿನ ಅಂಟು ಕಂಡರೆ ಯಾರೋ ಇತ್ತೀಚೆಗೆ ಕೈಹಾಕಿದ್ದಾರೆಂದರ್ಥ. ಚಿನ್ನದ ಕುಸುರಿ ಇದ್ದರೆ ಅದು ಸವೆದಲ್ಲಿ ಕೆಳಗಿನ ಉಕ್ಕಿನ ಮೇಲೆ ಸಣ್ಣ ಅಡ್ಡಗೀರುಗಳು ಕಾಣಬೇಕು. ಚಿನ್ನದ ತಂತಿ ಕಚ್ಚಿ ಕೂರಲು ಕುಶಲಕರ್ಮಿ ಮಾಡಿಕೊಂಡ ನೆಲ ಅದು. ಕೊಡಗಿನ ಪೀಚೆಕತ್ತಿಯಂಥ ಆಯುಧದಲ್ಲಿ ಬೆಳ್ಳಿಯ ಒರೆ, ಸರಪಣಿ, ಅಲಗು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಆದರೆ ಇಲ್ಲೊಂದು ಎಚ್ಚರ ಬೇಕು. ಹಿಡಿ ಬದಲಾದದ್ದೆಲ್ಲ ಮೋಸವಲ್ಲ. ಒಳ್ಳೆಯ ಅಲಗಿಗೆ ಮೂರು ತಲೆಮಾರಿನಲ್ಲಿ ಮೂರು ಹಿಡಿ ಹಾಕಿಸಿದ ಮನೆಗಳುಂಟು. ಮಾರುವವನು ಅದನ್ನು ಮರೆಮಾಚಿದಾಗ ಮಾತ್ರ ಅದು ಮೋಸವಾಗುತ್ತದೆ.

ದೈವಸ್ಥಾನದ ಮಾತು ಇನ್ನೂ ಭಿನ್ನ. ನೇಮದ ದಿನ ಭಂಡಾರದ ಮನೆಯಿಂದ ಮೊಗ, ಗಂಟೆ, ಚಾಮರಗಳೊಂದಿಗೆ ಕಡ್ತಲೆಯೂ ಮೆರವಣಿಗೆಯಲ್ಲಿ ಬರುತ್ತದೆ. ಗರಡಿಯಲ್ಲಿ ಕೋಟಿ ಚೆನ್ನಯರ ಸುರಿಯಕ್ಕೂ ಅದೇ ಗೌರವ. ಭಕ್ತನಿಗೆ ಅದು ದೈವದ ಆಯುಧ, ಹಳೆಯ ಸಾಮಾನಲ್ಲ. ಸವೆದರೆ, ಮುರಿದರೆ ಹೊಸದು ಮಾಡಿಸುವುದು ಭಕ್ತಿಯ ಕೆಲಸವೇ. ಹೊಸ ಕಡ್ತಲೆಯೂ ಅಷ್ಟೇ ಸತ್ಯ. ವಸ್ತುಸಂಗ್ರಹಾಲಯ ಕಬ್ಬಿಣದ ಹಳಮೆಯನ್ನು ಕೇಳಿದರೆ, ಊರು ಕೇಳುವುದು ಸೇವೆಯ ಮುಂದುವರಿಕೆಯನ್ನು.

ಅಪಾಯ ಬರುವುದು ಈ ಎರಡು ದೃಷ್ಟಿಗಳ ನಡುವಿನ ಹೊತ್ತಿನಲ್ಲಿ, ಅಂದರೆ ಜೀರ್ಣೋದ್ಧಾರದ ಕಾಲದಲ್ಲಿ. ಬಾರ್ಕೂರು ಕಡೆಯ ಮೆಕ್ಕೆಕಟ್ಟಿನಲ್ಲಿ 1960ರ ದಶಕದಲ್ಲಿ ಹಳೆಯ ಮರದ ಭೂತವಿಗ್ರಹಗಳ ಬದಲು ಹೊಸವು ಬಂದಾಗ, ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿ ಉಳಿದುಕೊಂಡವು. ಎಲ್ಲ ವಸ್ತುಗಳಿಗೂ ಅಂಥ ಭಾಗ್ಯವಿರುವುದಿಲ್ಲ. ಹಳೆಯ ಕತ್ತಿ ಗುಜರಿಗೆ ಹೋಗಬಹುದು, ಇಲ್ಲವೇ ಹೊಳಪಿಗಾಗಿ ಸ್ಯಾಂಡ್‌ಪೇಪರಿನಡಿ ಸಿಕ್ಕಿ ಅಕ್ಷರ, ಗುರುತುಗಳನ್ನು ಕಳೆದುಕೊಳ್ಳಬಹುದು. ಒಮ್ಮೆ ಉಜ್ಜಿಹೋದ ಲೋಹ ಮರಳಿ ಬಾರದು.

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಳುವಾದದ್ದು ನಮ್ಮದೆಂದು ಹೇಳಲು ಕಾಯ್ದೆಯೊಂದೇ ಸಾಲದು, ಗುರುತೂ ಬೇಕು. ಅದಕ್ಕೆ ಖರ್ಚು ಹೆಚ್ಚಿಲ್ಲ. ಭಂಡಾರದ ಪ್ರತಿ ಆಯುಧದ ಉದ್ದ, ತೂಕ, ಎರಡೂ ಬದಿಯ ಛಾಯಾಚಿತ್ರ, ಹಿಡಿ ಬದಲಾದ ವರ್ಷ, ಮಾಡಿಸಿದ ಮನೆಯ ಹೆಸರು ಇಷ್ಟನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. "ಅಜ್ಜನ ಕಾಲದ್ದು" ಎಂಬ ಮಾತಿಗೆ ಆಗ ಮೊಮ್ಮಕ್ಕಳ ಕೈಯಲ್ಲಿ ಒಂದು ಆಧಾರ ಉಳಿಯುತ್ತದೆ.